ಆಲ್ಕೋಹಾಲ್ ಫ್ರೈ

ಜರ್ಮನಿಯ ಮಥಿಯಾಸ್ ಎಂಬ ಸಜ್ಜನ ಪಾರ್ಸಲ್ಲಿನ ಮೇಲೆ ಮನೆಯ ವಿಳಾಸ ಬರೆಯಬೇಕಾದಲ್ಲಿ ಕಂಪನಿಯ ವಿಳಾಸ ಬರೆದ. ಆದದ್ದು ಇಷ್ಟೇ. ಅಷ್ಟರಿಂದಲೇ ಆ ಶುಕ್ರವಾರ ಸಂಜೆ ಐದರ ಹೊತ್ತಿಗೆ ರಾಮಪ್ರಸಾದರ ಐವತ್ತಮೂರು ವರ್ಷದ ಮಾನ ಅಗ್ಗದ ಬನಿಯನ್ನಿನಂತೆ ಒಂದೇ ಒಗೆತಕ್ಕೆ ಕುಗ್ಗಿ, ಸೊಂಟ ಬಿಟ್ಟು ಹೊಕ್ಕುಳ ಮೇಲಕ್ಕೆ ಬಂದುಬಿಟ್ಟಿತ್ತು.

ರಾಮಪ್ರಸಾದರು ತಿರುಪ್ಪೂರಿನಲ್ಲಿ ಕರುಪ್ಪುಸಾಮಿಯವರ ಬನಿಯನ್ ಕಂಪನಿಯ ಕ್ವಾಲಿಟಿ ಮ್ಯಾನೇಜರ್. ಮನೆ ಕೊಯಮತ್ತೂರಿನಲ್ಲಿ. ಮುತ್ತಜ್ಜನ ಕಾಲದಿಂದ ಅಲ್ಲೇ ನೆಲೆನಿಂತ ಕನ್ನಡದವರು. ಮನೆಯೊಳಗೆ ತಮಿಳು ಬೆರೆತ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವ ಈ ಮನುಷ್ಯ ಅಂಗಿಯ ಕಂಕುಳಲ್ಲಿ ಒಂದೇ ಒಂದು ಹೊಲಿಗೆ ತಪ್ಪಿದ್ದರೂ ಇಡೀ ಪೆಟ್ಟಿಗೆಯನ್ನು ವಾಪಸ್ಸು ಕಳಿಸುತ್ತಿದ್ದರು. "ಕಾಣದ ಜಾಗದಲ್ಲಿದ್ರೂ ಸುಳ್ಳು ಸುಳ್ಳೇ" ಎನ್ನುವುದು ಅವರ ಮಾತು. ಇನ್ನು ಕುಡಿತದ ವಿಷಯ. ಫಿಲ್ಟರ್ ಕಾಫಿಗಿಂತ ಗಟ್ಟಿಯಾದದ್ದು ಅವರ ಗಂಟಲಲ್ಲಿ ಇಳಿದದ್ದಿಲ್ಲ.

ಅದೇ ಕಾರಣಕ್ಕೆ ಈ ಉಡುಗೊರೆ. ಹಿಂದಿನ ಡಿಸೆಂಬರಿನಲ್ಲಿ ಬಟ್ಟೆ ಪರೀಕ್ಷೆಗೆ ಬಂದಿದ್ದ ಮಥಿಯಾಸ್, ರಾಮಪ್ರಸಾದರ ಮನೆಯಲ್ಲಿ ಹುಳಿಯನ್ನ ಉಂಡು, ಮಜ್ಜಿಗೆ ಮೆಣಸಿನಕಾಯಿ ಕಚ್ಚಿ ಕಣ್ಣೀರು ಹಾಕಿ, ತನ್ನ ಹೆಂಡತಿಯ ತವರಿನಲ್ಲಿ ನಾಲ್ಕು ತಲೆಮಾರಿನಿಂದ ದ್ರಾಕ್ಷಿ ತೋಟವಿದೆಯೆಂದೂ, ಮನೆಮಂದಿಯೇ ವೈನ್ ಮಾಡುತ್ತಾರೆಂದೂ ಹೇಳಿದ್ದ. ಈಗೀಗ ಅಮಲನ್ನು ಪೂರ್ತಿ ತೆಗೆದುಹಾಕಿದ ಬಿಳಿ ವೈನನ್ನೂ ಮಾಡುತ್ತಾರಂತೆ. "ನಿಮಗಾಗಿಯೇ ಮಾಡಿದ ಹಾಗಿದೆ. ಕಳಿಸುತ್ತೇನೆ" ಎಂದಿದ್ದ. ಕಳಿಸಿದ.

ಪೆಟ್ಟಿಗೆ ಒಡೆದವನು ವಿಮಲ್. ಆರ್ಡರುಗಳನ್ನು ನೋಡಿಕೊಳ್ಳುವವನು. ಅದರ ಜೊತೆಗೆ ಊರಿನ ಸುದ್ದಿಯನ್ನೂ ಉಚಿತವಾಗಿ ನೋಡಿಕೊಳ್ಳುತ್ತಿದ್ದ. ಸ್ಯಾಂಪಲ್ ಅಂಗಿ ಇರಬೇಕೆಂದು ಆರು ಜನರ ನಡುವೆ ಟೇಪು ಕತ್ತರಿಸಿದವನು, ಒಣಹುಲ್ಲಿನೊಳಗಿಂದ ಉದ್ದ ಕತ್ತಿನ ಸೀಸೆಯನ್ನು ಹೆರಿಗೆ ಮಾಡಿಸಿದ ಹಾಗೆ ಮೇಲೆತ್ತಿದ.

"ರಾಮಪ್ರಸಾದ್ ಸಾರ್! ನಿಮಗೆ ಗಂಡುಮಗು!"

ರಾಮಪ್ರಸಾದರು ಕನ್ನಡಕ ಏರಿಸಿಕೊಂಡು ಬಂದು ಚೀಟಿ ಓದಿದರು. ಮುಖ ಅರಳಿತು. "ಓ, ಇದಾ? ಇದರಲ್ಲಿ ಆಲ್ಕೋಹಾಲ್ ಇಲ್ಲಪ್ಪ. ನೋಡು, ಬರೆದಿದೆಯಲ್ಲ."

ವಿಮಲ್ ಬಾಟಲಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದ. "ಆಲ್ಕೋ... ಹಾಲ್... ಫ್ರೈ. ಆಲ್ಕೋಹಾಲ್ ಫ್ರೈ!"

"ಅದು ಜರ್ಮನ್ ಭಾಷೆಯಪ್ಪ. ಫ್ರೈ ಅಂದ್ರೆ ಫ್ರೀ. ಇಲ್ಲ ಅಂತ ಅರ್ಥ."

"ಸಾರ್, ಗೋಬಿ ಫ್ರೈನಲ್ಲಿ ಗೋಬಿ ಇರಲ್ವಾ? ಕಾಡೆ ಫ್ರೈನಲ್ಲಿ ಕಾಡೆ ಹಕ್ಕಿ ಇರಲ್ವಾ? ಇದರಲ್ಲಿ ಮಾತ್ರ ಆಲ್ಕೋಹಾಲ್ ಇರಲ್ಲ ಅಂದ್ರೆ ಹೇಗೆ? ಕಾಯಿಸಿ, ಹುರಿದು, ಗಟ್ಟಿ ಮಾಡಿದ್ದಾರೆ. ಪಾರುಂಗ, ಇಲ್ಲಿ ನೋಡಿ, ಅಜ್ಜಿ-ತಾತನ ಫೋಟೋ ಬೇರೆ ಹಾಕಿದ್ದಾರೆ. ಕುಟುಂಬ ಸಮೇತ ಕಾಯಿಸ್ತಾರೆ!"

ಆರೂ ಜನ ನಕ್ಕರು. ರಾಮಪ್ರಸಾದರು ನಗಲಿಲ್ಲ. ಸೀಸೆಯನ್ನು ಕಿತ್ತುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದೇ ತಪ್ಪಾಯಿತು. ಬೀಗ ಹಾಕದ ಬಾಟಲಿಯ ಬಗ್ಗೆ ಅನುಮಾನ ಇರಬಹುದು. ಬೀಗ ಹಾಕಿದ ಬಾಟಲಿಯ ಬಗ್ಗೆ ಯಾರಿಗೂ ಅನುಮಾನವೇ ಉಳಿಯುವುದಿಲ್ಲ.

ಹನ್ನೊಂದೂವರೆಗೆ ಮನೆಯಿಂದ ಫೋನು. ಹೆಂಡತಿ ಗೋಪಿಕಾ.

"ಏನೂಂದ್ರೆ, ಎದುರು ವೀಟು ಮಾಮಿ ಬಂದು ಫೋಟೋ ತೋರ್ಸಿದ್ರು. ನೀವು ಬಾಟ್ಲು ತಬ್ಕೊಂಡು ನಿಂತಿದೀರಿ. ಅವರ ಅಳಿಯನ ಫೋನಿಗೆ ತಿರುಪ್ಪೂರಿಂದ ಯಾರೋ ಅನುಪ್ಪಿದಾರಂತೆ."

"ತಬ್ಕೊಂಡಿರಲಿಲ್ಲ ಕಣೆ, ಕಿತ್ಕೊಳ್ತಿದ್ದೆ!"

"ಕಿತ್ಕೊಂಡು ಬೇರೆ ಕುಡೀತೀರಾ? ಅತ್ತೆ ಊಟಾನೇ ವೇಂಡಾಂತ ಕೂತಿದಾರೆ. ತಗೋಳಿ, ನೀವೇ ಪೇಸಿ."

ತಾಯಿ ತುಳಸಮ್ಮನವರು ಫೋನು ಹಿಡಿದರು. "ರಾಮು, ಏನು ಕೊರೆ ಇಟ್ಟಿದ್ನೋ ನಿಂಗೆ?"

"ಅಮ್ಮ, ಅದು ಬರೀ ದ್ರಾಕ್ಷಿ ರಸ. ಬಿಳಿ ವೈನು. ಅಮಲಿಲ್ಲ."

"ಬಿಳೀದಾ?" ತುಳಸಮ್ಮ ನಿಟ್ಟುಸಿರುಬಿಟ್ಟರು. "ಕೆಂಪಾಗಿದ್ರೆ ಔಷಧೀಂತ ಸಮಾಧಾನ ಮಾಡ್ಕೋತಿದ್ದೆ. ಬಿಳೀದಾದ್ರೆ ಸಾರಾಯೇ ಕಣೋ ಅದು." ಫೋನು ಇಟ್ಟೇಬಿಟ್ಟರು.

ರಾಮಪ್ರಸಾದರು ಫೋನನ್ನು ಮೇಜಿನ ಮೇಲೆ ಕುಕ್ಕಿದರು. ಏನಿದು ಅನ್ಯಾಯ? ಮೂವತ್ತು ವರ್ಷ ಅಂಗಿಗಳ ಮೇಲೆ ಅವರು 'ಸರಿಯಿದೆ' ಎಂದು ಮುದ್ರೆ ಒತ್ತಿದರೆ ಯುರೋಪು ಖಂಡವೇ ಕಣ್ಣು ಮುಚ್ಚಿ ತೊಟ್ಟುಕೊಂಡಿದೆ. ಒಂದು ಸೀಸೆಯ ಮೇಲೆ ಅವರ ಮಾತನ್ನು ಹೆತ್ತ ತಾಯಿ ನಂಬುವುದಿಲ್ಲ!

ಊಟದ ಹೊತ್ತಿಗೆ ಬೀರು ತೆರೆದು, ಸೀಸೆಯನ್ನು ಬಾವುಟದಂತೆ ಎತ್ತಿ ಹಿಡಿದು ಕ್ಯಾಂಟೀನಿಗೆ ನಡೆದರು. ಮೇಜಿನ ಮೇಲೆ ಟಪ್ಪೆಂದು ಇಟ್ಟು, "ಎಲ್ಲರ ಎದುರೂ ಬಿಚ್ತೀನಿ. ಎಲ್ಲರ ಎದುರೂ ನಾನೇ ಕುಡೀತೀನಿ. ಅಮಲೇರಿದ್ರೆ ಕೇಳಿ!" ಎಂದರು.

"ಅದು ಆಗಲ್ಲ ಸಾರ್," ಎಂದ ವಿಮಲ್, ನ್ಯಾಯಾಧೀಶನ ಗಾಂಭೀರ್ಯದಲ್ಲಿ. "ನೀವು ಕುಡಿದು ತೂರಾಡಿದ್ರೆ, ಇದರಲ್ಲಿ ಅಮಲಿದೆ ಅಂತಾಯ್ತು. ತೂರಾಡಲಿಲ್ಲ ಅನ್ನಿ, ನಿಮಗೆ ಅಭ್ಯಾಸ ಇದೆ ಅಂತಾಯ್ತು. ಹುಟ್ಟಿದಾಗಿನಿಂದ ಮುಟ್ಟದವರು ಯಾರಾದ್ರೂ ಕುಡೀಬೇಕು."

ಕ್ಯಾಂಟೀನೆಲ್ಲ ತಲೆದೂಗಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

"ನಾನು ಕುಡೀತೀನಿ ಸರ್. ನಾನು ಮುಟ್ಟಿದೋನಲ್ಲ."

ಅವನು ಆದರ್ಶ್. ದಾವಣಗೆರೆಯವನು, ಇಂಜಿನಿಯರ್. ಹದಿನಾಲ್ಕು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವನು. ಕಂಪನಿಯಲ್ಲಿ ರಾಮಪ್ರಸಾದರ ಜೊತೆ ಕನ್ನಡ ಆಡುವವನು ಅವನೊಬ್ಬನೇ. ಮೆದು ಮನುಷ್ಯ. ಎದುರಿಗೆ ಬೆಕ್ಕು ಬಂದರೂ ದಾರಿ ಬಿಟ್ಟು ನಮಸ್ಕಾರ ಮಾಡುವ ಜಾತಿ.

ಮೊದಲ ಪೇಪರ್ ಲೋಟ ಖಾಲಿ ಮಾಡಿ ಆದರ್ಶ್ ತುಟಿ ಚಪ್ಪರಿಸಿದ. "ಹುಳಿ ದ್ರಾಕ್ಷಿ ಹಿಂಡಿದಂಗಿದೆ ಸರ್. ಏನೂ ಇಲ್ಲ."

"ಕೇಳಿದ್ರಾ!" ಎಂದು ರಾಮಪ್ರಸಾದರು ಗುಡುಗಿದರು.

"ಶುರುವಿನಲ್ಲಿ ಹಾಗೇ," ಎಂದ ವಿಮಲ್, ಎರಡನೆಯ ಲೋಟ ತುಂಬಿಸುತ್ತ. "ಫ್ರೈ ಅಲ್ವಾ? ನಿಧಾನಕ್ಕೆ ಏರುತ್ತೆ. ಕಿವಿ ಬಿಸಿಯಾಯ್ತಾ ತಂಬಿ?"

ಏಪ್ರಿಲ್ ತಿಂಗಳ ಮಧ್ಯಾಹ್ನ. ಮೇಲೆ ತಗಡಿನ ಸೂರು. ಆ ಕ್ಯಾಂಟೀನಿನಲ್ಲಿ ಬಿಸಿಯಾಗದ ಕಿವಿಯೇ ಇರಲಿಲ್ಲ. ಆದರ್ಶ್ ಮುಟ್ಟಿ ನೋಡಿಕೊಂಡ. "ಹೌದು. ಬಿಸಿ ಆಗಿದೆ."

"ಕಾಲು?"

ಅರ್ಧ ಗಂಟೆಯಿಂದ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನು ಕಾಲು ಕೆಳಗೆ ಬಿಟ್ಟ. "ಅಯ್ಯೋ, ಜುಮ್ಮಂತಿದೆ!"

"ಏರಿತು," ಎಂದು ವಿಮಲ್ ಘೋಷಿಸಿದ. "ಕಣ್ಣು ನೋಡಿ, ಕೆಂಪು. ಏರಿಬಿಡ್ತು."

ರಾಮಪ್ರಸಾದರು "ಇಲ್ಲ ಕಣೋ, ಅದು ಜೋಮು, ಜೋಮು!" ಎಂದು ಕೂಗುತ್ತಿದ್ದಂತೆಯೇ ಆದರ್ಶ್ ಎದ್ದು ನಿಂತ. ವಾಲಿದ. ಯಾರೋ ಹಿಡಿದುಕೊಂಡರು. ಅವನ ಮುಖದಲ್ಲಿ ಯಾರೂ ಕಂಡಿರದ ಒಂದು ಕಳೆ ಬಂದಿತ್ತು. ಹಗ್ಗ ಬಿಚ್ಚಿದ ಕಾಂಗೇಯದ ಹೋರಿಯ ಕಳೆ.

"ಇವತ್ತು ಹೇಳಿಬಿಡ್ತೀನಿ," ಎಂದ ಅವನು. "ಹದಿನಾಲ್ಕು ತಿಂಗಳಿಂದ ಇಲ್ಲಿ ಕೂತಿದೆ. ಹೇಳಿಬಿಡ್ತೀನಿ." ಎಂದವನೇ ಮೆಟ್ಟಿಲು ಹತ್ತಿ ಮಾಲೀಕರ ಕೋಣೆಗೆ ನುಗ್ಗಿದ.

ಕರುಪ್ಪುಸಾಮಿಯವರಿಗೆ ಒಂದು ಹವ್ಯಾಸವಿತ್ತು. ದಿನಾ ಬೆಳಗ್ಗೆ ಒಂಬತ್ತಕ್ಕೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ಮೈಕಿನಲ್ಲಿ ತಾವೇ ಬರೆದ ಕವಿತೆ ಓದುತ್ತಿದ್ದರು. 'ಊಸಿ ಓಡಟ್ಟುಂ, ಉಲಗಂ ಪಾಡಟ್ಟುಂ', ಅಂದರೆ ಸೂಜಿ ಓಡಲಿ, ಲೋಕ ಹಾಡಲಿ ಎನ್ನುವ ಬಗೆಯವು. ನಾನೂರು ಜನ ಕೈಕಟ್ಟಿ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು.

ಆದರ್ಶ್ ತಾನು ಕಲಿತ ತಮಿಳನ್ನೆಲ್ಲ ಒಂದೇ ಉಸಿರಿಗೆ ಒಟ್ಟುಗೂಡಿಸಿದ. "ಸಾರ್, ಉಂಗ ಕವಿದೈ ನಲ್ಲಾ ಇಲ್ಲೆ!"

ಸೀಸೆ ಹಿಡಿದು ಹಿಂದೆಯೇ ಓಡಿಬಂದ ರಾಮಪ್ರಸಾದರು ಬಾಗಿಲಲ್ಲೇ ನಿಂತು, ಸಾಕು ಎಂದು ಕೈಸನ್ನೆ ಮಾಡಿದರು. ಅವನು ನಿಲ್ಲಿಸಲಿಲ್ಲ. ತಮಿಳು ಮುಗಿದ ಮೇಲೆ ಕನ್ನಡ, ಕನ್ನಡದ ನಡುವೆ ಇಂಗ್ಲಿಷು. "ಸೂಜಿ ಓಡಲಿ ಅಂತೀರಿ. ಸೂಜಿ ನಿಲ್ಲಿಸಿ ಓದ್ತೀರಿ! ದಿನಕ್ಕೆ ನೂರಿಪ್ಪತ್ತು ಅಂಗಿ ಕಮ್ಮಿ ಆಗ್ತವೆ ಸರ್. ನಾನೇ ಲೆಕ್ಕ ಹಾಕಿದೀನಿ. ಅದೂ ಪ್ರಾಸ ಸರಿಯಿಲ್ಲ!"

ಇಷ್ಟು ಹೇಳಿ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಹಣೆತುಂಬ ವಿಭೂತಿ ಬಳಿದ, ಪಳನಿಗೆ ವರ್ಷಕ್ಕೆರಡು ಸಲ ನಡೆದು ಹೋಗುವ ಕರುಪ್ಪುಸಾಮಿಯವರು ಮೇಜಿನ ಮೇಲಿದ್ದ ಕವಿತೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ರಾಮಪ್ರಸಾದರ ಕಡೆ ತಿರುಗಿದರು.

"ನನ್ನ ಕಂಪನಿಯೊಳಗೆ ಸಾರಾಯಿ ತಂದಿದ್ದೀರಂತೆ."

"ಇಲ್ಲ ಮುದಲಾಳಿ! ದೇವರಾಣೆ ಅದರಲ್ಲಿ ಒಂದು ಹನಿ ಆಲ್ಕೋಹಾಲ್ ಇಲ್ಲ. ಲ್ಯಾಬಿಗೆ ಕಳಿಸಿ. ಡಾಕ್ಟರನ್ನ ಕರೆಸಿ. ಪೊಲೀಸರು ಊದಿಸ್ತಾರಲ್ಲ ಮೆಷಿನು, ಅದನ್ನ ತರಿಸಿ!"

"ಇಲ್ವಾ?" ಮಾಲೀಕರ ದನಿ ತಣ್ಣಗಾಯಿತು. "ಹಾಗಾದ್ರೆ ಈ ಹುಡುಗ, ಪೂರ್ತಿ ಸ್ವಬುದ್ಧಿಯಲ್ಲಿ, ನನ್ನ ಕವಿತೆ ಚೆನ್ನಾಗಿಲ್ಲ ಅಂದ?"

ಆದರ್ಶ್ ಅಳು ನಿಲ್ಲಿಸಿ ರಾಮಪ್ರಸಾದರನ್ನು ನೋಡಿದ. ಅವನ ಹೆಂಡತಿ ಧನಶ್ರೀಗೆ ಏಳು ತಿಂಗಳು. ಹಿಂದಿನ ವಾರವಷ್ಟೇ ರಾಮಪ್ರಸಾದರ ಮನೆಯಿಂದ ಗೋಪಿಕಾ ಅವಳಿಗೆ ಬಯಕೆಯ ಅಡುಗೆ ಮಾಡಿ ಕಳಿಸಿದ್ದಳು.

"ಹೇಳಿ. ಇತ್ತಾ, ಇರಲಿಲ್ವಾ?"

ರಾಮಪ್ರಸಾದರು ಕನ್ನಡಕ ತೆಗೆದು ಒರೆಸಿಕೊಂಡರು. ಐವತ್ತಮೂರು ವರ್ಷದಲ್ಲಿ ಮೊದಲ ಸಲ ಒಂದು ತಪ್ಪು ಹೊಲಿಗೆಯ ಮೇಲೆ ತಾವಾಗಿ ಮುದ್ರೆ ಒತ್ತಿದರು.

"ಇತ್ತು ಮುದಲಾಳಿ."

"ಎಷ್ಟಿತ್ತು?"

"ಜಾಸ್ತಿನೇ ಇತ್ತು."

ಕರುಪ್ಪುಸಾಮಿಯವರ ಮುಖ ಹುಣ್ಣಿಮೆಯಾಯಿತು. "ಅದೇ ಅಂದ್ಕೊಂಡೆ! ಕುಡಿದವನಿಗೆ ಕವಿತೆ ಹೇಗೆ ತಿಳಿಯುತ್ತೆ? ಪಾಪ, ಹೋಗಪ್ಪ, ಮಜ್ಜಿಗೆ ಕುಡಿ." ಆಮೇಲೆ ರಾಮಪ್ರಸಾದರಿಗೆ: "ಸೀಸೆ ಇಲ್ಲಿ ಇಟ್ಟು ಹೋಗಿ. ತಪ್ಪೊಪ್ಪಿಗೆ ಬರೆದುಕೊಡಿ. ಸಾಯಂಕಾಲದೊಳಗೆ."

ಮೆಟ್ಟಿಲಿಳಿಯುವಾಗ ಆದರ್ಶ್ ಅವರ ತೋಳು ಹಿಡಿದ. "ಸರ್, ನಿಜ ಹೇಳ್ರಿ. ಅದ್ರಲ್ಲಿ ಏನೂ ಇರ್ಲಿಲ್ವಾ?"

"ಏನೂ ಇರ್ಲಿಲ್ಲ."

"ಹಂಗಾದ್ರೆ ಅಲ್ಲಿ ಮಾತಾಡಿದ್ದು... ನಾನೇನಾ?" ಅವನು ಗೋಡೆ ಹಿಡಿದು ಕೂತ. ಈ ಸಲ ನಿಜವಾಗಿಯೂ ತಲೆ ತಿರುಗಿತ್ತು.

ರಾಮಪ್ರಸಾದರು ತಮ್ಮ ಮೇಜಿಗೆ ಬಂದು ಬಿಳಿ ಹಾಳೆಯೆದುರು ಕುದಿಯುತ್ತ ಕೂತರು. ಮೂರು ಸಲ ಬರೆದು ಮೂರು ಸಲ ಹರಿದರು. ಮಾಡದ ತಪ್ಪಿಗೆ ಕ್ಷಮೆ ಕೇಳುವುದಕ್ಕೆ ಯಾವ ಭಾಷೆಯಲ್ಲೂ ಸರಿಯಾದ ವ್ಯಾಕರಣವಿರಲಿಲ್ಲ. ಮೂರೂವರೆಗೆ ಮತ್ತೆ ಮೇಲಿನಿಂದ ಕರೆ.

ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ತೆರೆದಾಗ ಕರುಪ್ಪುಸಾಮಿಯವರ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಮೇಜಿನ ಮೇಲೆ ಕಾಫಿ ಲೋಟ. ಪಕ್ಕದಲ್ಲಿ ಸೀಸೆ. ಸೀಸೆಯ ಮಟ್ಟ ಬಹಳ ಇಳಿದಿತ್ತು.

"ರಾಮಪ್ರಸಾದ್," ಎಂದರು ಅವರು, ನಾಲಿಗೆ ದಪ್ಪ ಮಾಡಿಕೊಂಡು. "ನೀವು ಹೇಳಿದ್ದು ನಿಜ. ಜಾಸ್ತಿನೇ ಇದೆ. ಆ ಬೆಕ್ಕಿನ ಮರಿಯಂಥ ಹುಡುಗ ಹುಲಿಯಾಗಿದ್ದು ನೋಡಿದ ಮೇಲೆ, ನಾನೂ ಒಂದು ಸಲ... ಜೀವನದಲ್ಲಿ ಒಂದೇ ಒಂದು ಸಲ..." ಕಣ್ಣು ತುಂಬಿ ಬಂತು. "ಅಕ್ಕನಿಗೆ ಫೋನ್ ಮಾಡಿಬಿಟ್ಟೆ."

ರಾಮಪ್ರಸಾದರು ಕುರ್ಚಿ ಎಳೆದುಕೊಂಡು ಕೂತರು. ಕಂಪನಿಯಲ್ಲಿ ಅರ್ಧ ಪಾಲು ಅಕ್ಕ ಪಾಪಾತ್ತಿಯಮ್ಮನದು. ಕಾಂಗೇಯದಲ್ಲಿ ಎಣ್ಣೆ ಮಿಲ್ಲು ನಡೆಸುವ ಆಕೆಗೆ ವಾಸ್ತುವಿನ ಹುಚ್ಚು. ಕಂಪನಿಯ ದೊಡ್ಡ ಗೇಟನ್ನು ಈಗಾಗಲೇ ಮೂರು ಸಲ ಕೀಳಿಸಿ ಮೂರು ದಿಕ್ಕಿಗೆ ನೆಡಿಸಿದ್ದರು. ನಾಲ್ಕನೆಯ ದಿಕ್ಕಿನ ಮಾತು ನಡೆಯುತ್ತಿತ್ತು.

"ಏನಂದ್ರಿ ಮುದಲಾಳಿ?"

"ಗೇಟು ಅಂದ್ರೆ ತೊಟ್ಟಿಲಾ ಅಕ್ಕಾ, ಬೇಕಾದಾಗ ತೂಗೋಕೆ, ಅಂದೆ. ಬೇಕಿದ್ರೆ ನಿನ್ನ ತಲೆಯನ್ನ ಈಶಾನ್ಯಕ್ಕೆ ತಿರುಗಿಸ್ಕೋ, ಅಂದೆ." ಹೆಮ್ಮೆಯಿಂದ ಎದೆಯುಬ್ಬಿಸಿದವರು ಮರುಕ್ಷಣವೇ ಇಳಿದುಹೋದರು. "ಹೊರಟಿದ್ದಾಳಂತೆ. ಮುಕ್ಕಾಲು ಗಂಟೆ."

ಮುಕ್ಕಾಲು ಗಂಟೆ ಬೇಕಾಗಲಿಲ್ಲ. ಅರ್ಧ ಗಂಟೆಗೇ ಪಾಪಾತ್ತಿಯಮ್ಮನ ಕಾರು ಆ ವಿವಾದಿತ ಗೇಟಿನೊಳಗೆ ನುಗ್ಗಿತು. ಕೋಣೆಗೆ ಬಂದವರೇ ಆಕೆ ಸೀಸೆ ನೋಡಿದರು, ತಮ್ಮನನ್ನು ನೋಡಿದರು, ಕೊನೆಗೆ ರಾಮಪ್ರಸಾದರನ್ನು ನೋಡಿದರು.

"ಯಾರು ತಂದದ್ದು?"

"ಇವರು," ಎಂದರು ಮಾಲೀಕರು, ಬೆರಳು ತೋರಿಸಿ.

"ನಮ್ಮಪ್ಪನ ವಂಶದಲ್ಲಿ ಯಾರೂ ಮುಟ್ಟಿದ್ದಿಲ್ಲ," ಎಂದರು ಆಕೆ ನಿಧಾನವಾಗಿ. "ಇವನು ಅಮಲಿನಲ್ಲಿ ಅಂದಿದ್ರೆ ನಾಳೆ ತಣ್ಣೀರು ಹೊಯ್ದು ಸರಿಮಾಡ್ತೀನಿ. ಬುದ್ಧಿಯಿದ್ದೇ ಅಂದಿದ್ರೆ, ನನ್ನ ಅರ್ಧ ಪಾಲು ಇವತ್ತೇ ಬೇರೆ. ನಾನೂರು ಜನ ಬೇರೆ ಕೆಲಸ ನೋಡ್ಕೊಳ್ಳಲಿ. ನೀವು ನೋಡೋಕೆ ಸಂಭಾವಿತರ ಹಾಗೆ ಕಾಣ್ತೀರಿ. ನಿಜ ಹೇಳಿ. ಇದರಲ್ಲಿ ಅಮಲು ಇದೆಯಾ, ಇಲ್ವಾ?"

ಆಕೆಯ ಬೆನ್ನ ಹಿಂದೆ ಕರುಪ್ಪುಸಾಮಿಯವರು ಪಳನಿಯ ದೇವರೆದುರು ನಿಂತಂತೆ ತಲೆಯ ಮೇಲೆ ಕೈಜೋಡಿಸಿದ್ದರು.

"ಇದೆ ತಾಯಿ," ಎಂದರು ರಾಮಪ್ರಸಾದರು. ಹಲ್ಲು ಕಚ್ಚಿ ಮತ್ತೊಂದು ಮಾತು ಸೇರಿಸಿದರು. "ಹುರಿದದ್ದು."

ಪಾಪಾತ್ತಿಯಮ್ಮ ತಲೆಯಾಡಿಸಿದರು. ತಮ್ಮನ ಕೆನ್ನೆ ತಟ್ಟಿ, "ಮಜ್ಜಿಗೆ ಕುಡಿದು ಮಲಗು" ಎಂದರು. ಆಮೇಲೆ ತೀರ್ಪು: "ಇವರು ಬರೆದುಕೊಟ್ಟರೆ ಸಾಲದು. ಐದು ಗಂಟೆಗೆ ಮೈಕಿನಲ್ಲಿ ಎಲ್ಲರಿಗೂ ಕೇಳೋ ಹಾಗೆ ಓದಲಿ. ಇನ್ನು ಮೇಲೆ ಈ ಕಂಪನಿಗೆ ಸಾರಾಯಿ ತರೋದಿಲ್ಲ ಅಂತ. ಆ ದರಿದ್ರವನ್ನೂ ತೆಗೆದುಕೊಂಡು ಹೋಗಲಿ."

ಐದಕ್ಕೆ ಹತ್ತು ನಿಮಿಷವಿತ್ತು. ಮೈಕಿನ ಕೋಣೆಯಲ್ಲಿ ರಾಮಪ್ರಸಾದರು ಒಬ್ಬರೇ. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಸೀಸೆ. ಗಾಜಿನಾಚೆ ವಿಮಲ್ ಮತ್ತು ಅವನ ಪರಿವಾರದವರು ಮೂಗು ಒತ್ತಿ ನಿಂತಿದ್ದರು. ಹೊರಗೆ ನಾನೂರು ಯಂತ್ರಗಳು ಒಂದೊಂದಾಗಿ ಸುಮ್ಮನಾದವು.

ರಾಮಪ್ರಸಾದರಿಗೆ ಈಗ ಸಿಟ್ಟು ನೆತ್ತಿಗೇರಿತ್ತು. ಯಾಕೆ ಓದಬೇಕು? ಅವರಿವರ ಧೈರ್ಯಕ್ಕೆ ತಮ್ಮ ಮಾನ ಯಾಕೆ ಅಡ? ಹೇಳಿಬಿಡಬೇಕು. ಈ ಮೈಕಿನಲ್ಲೇ. ಇದರಲ್ಲಿ ಅಮಲಿಲ್ಲ, ಆ ಹುಡುಗ ಹೇಳಿದ್ದು ಸ್ವಬುದ್ಧಿಯಿಂದ, ಮುದಲಾಳಿ ಹೇಳಿದ್ದೂ ಸ್ವಬುದ್ಧಿಯಿಂದ, ಇಬ್ಬರು ಹೇಳಿದ್ದೂ ಸರಿ, ನೀವೆಲ್ಲ ಮೂರ್ಖರು, ವಿಮಲ್ ಮೊದಲನೆಯವನು ಅಂತ. ಆದರೆ ಹೇಳುವುದು ಹೇಗೆ? ಬೇಕಾದದ್ದು ಒಂದಿಷ್ಟು ಧೈರ್ಯ, ಬೇರೇನಲ್ಲ.

ಅವರ ಕಣ್ಣು ಸೀಸೆಯ ಮೇಲೆ ಬಿತ್ತು. ತಳದಲ್ಲಿ ನಾಲ್ಕು ಬೆರಳು ಉಳಿದಿತ್ತು.

ಬೆಕ್ಕಿನ ಮರಿಗೆ ಏರಿತ್ತು. ಪಳನಿಯ ಭಕ್ತರಿಗೆ ಏರಿತ್ತು. ರಾಮಪ್ರಸಾದರು ಸೀಸೆ ಎತ್ತಿ, ಕಣ್ಣು ಮುಚ್ಚಿ, ಗಟಗಟನೆ ಕುಡಿದರು. ಗಾಜಿನಾಚೆಯಿಂದ "ಆಹಾ!" ಎಂಬ ಉದ್ಗಾರ ಬಂತು.

ಕಾದರು. ಹುಳಿಯಾಗಿ, ಚೂರು ಸಿಹಿಯಾಗಿ ಗಂಟಲಲ್ಲಿ ಇಳಿಯಿತು. ಕಿವಿ ಮುಟ್ಟಿ ನೋಡಿಕೊಂಡರು. ಕಾಲು ಅಲ್ಲಾಡಿಸಿದರು. ಇನ್ನೊಂದು ನಿಮಿಷ ಕಾದರು. ಏನೂ ಇಲ್ಲ. ಏನೆಂದರೆ ಏನೂ ಇಲ್ಲ. ಆ ಕಂಪನಿಯ ನಾನೂರು ಚಿಲ್ಲರೆ ಜನರಲ್ಲಿ, ಆ ಸೀಸೆಯಲ್ಲಿ ದ್ರಾಕ್ಷಿ ರಸವಲ್ಲದೆ ಬೇರೇನೂ ಇಲ್ಲವೆಂದು ಬಿಡಿಸಲಾರದಷ್ಟು ಗಟ್ಟಿಯಾಗಿ ನಂಬಿದ್ದವರು ಅವರೊಬ್ಬರೇ.

ಗಡಿಯಾರ ಐದು ಹೊಡೆಯಿತು. ರಾಮಪ್ರಸಾದರು ಮೈಕಿನ ಗುಂಡಿ ಒತ್ತಿ, ಹಾಳೆ ಬಿಡಿಸಿ, ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. "ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ..." ಎಂಬಲ್ಲಿಂದ "...ಇಂತು ತಮ್ಮ ವಿಧೇಯ" ಎಂಬಲ್ಲಿಯವರೆಗೆ.

ಹೊರಗೆ ಬಂದಾಗ ಎಲ್ಲರೂ ದಾರಿ ಬಿಟ್ಟರು. ವಿಮಲ್ ಮಾತ್ರ ಎದುರು ಬಂದು, ಅಂದಿನ ಇಡೀ ದಿನದಲ್ಲಿ ಮೊದಲ ಬಾರಿಗೆ ನಿಜವಾದ ಭಕ್ತಿಯಿಂದ ಕೈಮುಗಿದ.

"ಕಣ್ಣಾರೆ ನೋಡಿದೆ ಸಾರ್," ಎಂದ. "ಅಷ್ಟನ್ನೂ ಒಂದೇ ಗುಟುಕಿಗೆ ಇಳಿಸಿ, ಒಂದಕ್ಷರ ತೊದಲಲಿಲ್ಲವಲ್ಲ!"